ಸಂದು ಕಾಣದ ಗೋಡೆ

ಅಮೆರಿಕದ ಮನೆಗಳ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇಟ್ಟಿಗೆ ಗಾರೆಗಳಿಗೆ ಒಗ್ಗಿದ ನಮ್ಮ ಕಿವಿಗೆ ಅದು ಗೋಡೆಯೆಂದೇ ತೋರುವುದಿಲ್ಲ. ದಪ್ಪ ಕಾಗದದ ಎರಡು ಹೊದಿಕೆಗಳ ನಡುವೆ ಜಿಪ್ಸಂ ತುಂಬಿದ, ಸಾಮಾನ್ಯವಾಗಿ ಅರ್ಧ ಅಂಗುಲ ದಪ್ಪದ ಹಲಗೆಯದು. ಮರದ ಚೌಕಟ್ಟಿಗೆ ತಿರುಪುಮೊಳೆಗಳಿಂದ ಬಿಗಿದಿರುತ್ತಾರೆ. ಆಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಇದರ ಪೂರ್ವರೂಪಕ್ಕೆ ಪೇಟೆಂಟ್ ಪಡೆದನು. ಎರಡನೆಯ ಮಹಾಯುದ್ಧದ ತರುವಾಯ ಮನೆಗಳನ್ನು ಅವಸರದಿಂದ ಕಟ್ಟಬೇಕಾಗಿ ಬಂದಾಗ, ನಿಧಾನವಾಗಿ ಒಣಗುವ ಗಾರೆಯ ಸ್ಥಾನವನ್ನು ಇದು ಕಸಿದುಕೊಂಡಿತು. ಇದರಿಂದ ಕುಶಲಿಯ ಕೈಗೆ ಕೆಲಸವಿಲ್ಲವಾಯಿತೆಂದು ಯಾರಿಗಾದರೂ ತೋರಬಹುದು. ಆ ಕೌಶಲವೆಲ್ಲ ಹಲಗೆಗಳ ಸಂದಿನಲ್ಲಿ ಹೋಗಿ ಅಡಗಿತೆಂದು ನನ್ನ ಭಾವನೆ.

ಮಗಳ ಮನೆಯ ಕೋಣೆಯೊಂದರಲ್ಲಿ ಈ ಕೆಲಸಕ್ಕೆ ನಾನೂ ಕೈಹಾಕಿದ್ದುಂಟು. ಹಲಗೆಯ ಉದ್ದದ ಅಂಚುಗಳು ತುಸು ತೆಳುವಾಗಿರುತ್ತವೆ. ಎರಡು ಹಲಗೆಗಳು ಕೂಡಿದಲ್ಲಿ ಆಳವಿಲ್ಲದ ತಗ್ಗೊಂದು ಉಂಟಾಗುತ್ತದೆ. ಅಲ್ಲಿ ಲೇಪವನ್ನು ಬಳಿದು, ಎರಡಂಗುಲ ಅಗಲದ ಕಾಗದದ ಪಟ್ಟಿಯನ್ನು ಒತ್ತಿ ಕೂರಿಸಬೇಕು. ಪಟ್ಟಿಯಿಲ್ಲದಿದ್ದರೆ ಮುಂದೆ ಬಿರುಕು ತಪ್ಪದು. ಪಟ್ಟಿಯಡಿಯ ಲೇಪ ಸಾಲದಾದರೆ ಗುಳ್ಳೆಯೇಳುತ್ತದೆ. ಎರಡನೆಯ ಲೇಪ ಮೊದಲನೆಯದಕ್ಕಿಂತ ಅಗಲ. ಮೂರನೆಯದಕ್ಕೆ ಹನ್ನೆರಡಂಗುಲದ ಅಲಗು ಬೇಕು. ಪ್ರತಿಯೊಂದೂ ಒಣಗುತ್ತ ಕುಗ್ಗುವುದರಿಂದ ನಡುನಡುವೆ ಒಂದೊಂದು ದಿನ ಕಾಯಲೇಬೇಕು. ಅವಸರಗಾರನ ಕೆಲಸವಲ್ಲ ಇದು.

ಹಲಗೆಯ ಗಿಡ್ಡ ಅಂಚುಗಳು ಸೇರುವಲ್ಲಿಯೇ ನಿಜವಾದ ಪರೀಕ್ಷೆ. ಅಲ್ಲಿ ತಗ್ಗಿಲ್ಲ, ಪಟ್ಟಿಯೂ ಲೇಪವೂ ಉಬ್ಬಾಗಿಯೇ ನಿಲ್ಲುತ್ತವೆ. ಕೆರೆದು ತೆಗೆಯಹೊರಟರೆ ಪಟ್ಟಿಯೇ ಹರಿದುಬರುತ್ತದೆ. ಆಗ ಮಾಡತಕ್ಕದ್ದು ಒಂದೇ: ಉಬ್ಬಿನ ಎರಡು ಮಗ್ಗುಲಿಗೂ ಲೇಪವನ್ನು ತೆಳ್ಳಗೆ, ಎರಡಡಿ ಅಗಲಕ್ಕಾದರೂ ಹರಡುವುದು. ಉಬ್ಬು ಹೋಗುವುದಿಲ್ಲ, ಶ್ರೋತೃಗಳೇ; ಕಣ್ಣಿಗೆ ಸಿಕ್ಕದಷ್ಟು ಸೌಮ್ಯವಾಗುತ್ತದೆ, ಅಷ್ಟೆ. ಕೈದೀಪವನ್ನು ಗೋಡೆಯ ಮಗ್ಗುಲಿಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಒಂದೊಂದು ಕೊರತೆಯೂ ನೆರಳಾಗಿ ಎದ್ದು ಕಾಣುತ್ತದೆ. ಬಣ್ಣ ಬಳಿಯುವ ಮುನ್ನವೇ ಹೀಗೆ ನೋಡಿಕೊಳ್ಳುವುದು ಲೇಸು.

ಕಡೆಯದು ಉಜ್ಜುವ ಕೆಲಸ, ಅಪಾಯವಿರುವುದೂ ಇಲ್ಲಿಯೇ. 1977ರಲ್ಲಿ ಅಮೆರಿಕದ ಸರ್ಕಾರ ನಿಷೇಧಿಸುವವರೆಗೂ ಇಂಥ ಎಷ್ಟೋ ಲೇಪಗಳಿಗೆ ಕಲ್ನಾರನ್ನು ಬೆರೆಸುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನೆಲಸಿ, ದಶಕಗಳು ಕಳೆದ ಮೇಲೆ ಕ್ಯಾನ್ಸರಾಗಿ ತಲೆಯೆತ್ತಬಲ್ಲವು. ಆದುದರಿಂದ ಆ ಕಾಲದ ಮನೆಯ ಸಂದುಗಳನ್ನು, ಲೇಪದ ಪರೀಕ್ಷೆ ಮಾಡಿಸದೆ, ಯಾರೂ ಉಜ್ಜಬಾರದು. ಮಗಳ ಮನೆ ಹೊಸದು. ಆದರೂ ಈಗಿನ ಕೆಲವು ಲೇಪಗಳಲ್ಲಿ ಸಿಲಿಕಾ ಇರುವುದರಿಂದ ಆ ಧೂಳೂ ಒಳ್ಳೆಯದಲ್ಲ. ನಾನಂತೂ ಉಪ್ಪುಕಾಗದವನ್ನು ಬದಿಗಿಟ್ಟು ಒದ್ದೆ ಸ್ಪಂಜಿನಿಂದ ಒರಸಿದೆ. ತಡವಾಗುತ್ತದೆ, ತೋಳು ಸೋಲುತ್ತದೆ. ಆದರೆ ಧೂಳು ಬಹುಮಟ್ಟಿಗೆ ಬಕೆಟಿನ ನೀರಿನಲ್ಲಿಯೇ ಉಳಿಯುತ್ತದೆ.