ಅಂತರ್ಜಾಲದ ಆದಾಬ್



ನನ್ನದು ಭಾಷೆ ಕಲಿಸುವ ಕೆಲಸ. ಆದರೂ ಇಂದು ಅಂತರ್ಜಾಲದ ಬಗ್ಗೆ ಮಾತನಾಡಬಯಸುತ್ತೇನೆ. ಏಕೆಂದರೆ ಅದೂ ನಡೆಯುವುದು ಮಾತುಕತೆಯ ನಿಯಮಗಳಿಂದಲೇ. ಈ ನಿಯಮಗಳಿಗೆ ಪ್ರೊಟೊಕಾಲ್ ಎನ್ನುತ್ತಾರೆ. ಉರ್ದುವಿನಲ್ಲಿ ಆದಾಬ್ ಎಂದರೂ ಸಲ್ಲುತ್ತದೆ.

ನಾವು ಸಲಾಂ ಹೇಳಿ ಮಾತು ಆರಂಭಿಸುತ್ತೇವೆ. ಕಂಪ್ಯೂಟರ್‌ಗಳೂ ಹಾಗೆಯೇ. ಒಂದು 'ಮಾತನಾಡಬಹುದೇ?' ಎನ್ನುತ್ತದೆ. ಇನ್ನೊಂದು 'ಆಗಲಿ, ನನ್ನ ಮಾತು ಕೇಳಿಸಿತೇ?' ಎನ್ನುತ್ತದೆ. ಮೊದಲನೆಯದು 'ಕೇಳಿಸಿತು' ಎಂದ ಮೇಲೆಯೇ ಕೆಲಸ ಆರಂಭ. ಇದು ಟಿಸಿಪಿಯ ಕ್ರಮ.

ಕಳುಹಿಸುವ ವಿಷಯವು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆಗಳಿಗೆ ಸಂಖ್ಯೆ ಹಾಕುತ್ತೀರಲ್ಲವೇ? ಟಿಸಿಪಿಯೂ ತುಂಡುಗಳಿಗೆ ಲೆಕ್ಕವಿಡುತ್ತದೆ. ಅವು ಹಿಂದುಮುಂದಾಗಿ ಬಂದರೆ ಜೋಡಿಸುತ್ತದೆ, ಒಂದು ಕಳೆದರೆ ಮತ್ತೆ ಕಳುಹಿಸುತ್ತದೆ. ವಿಳಾಸ ನೋಡಿ ತಲುಪಿಸುವುದು ಐಪಿಯ ಕೆಲಸ. ಹೆಸರು ಕೊಟ್ಟರೆ ವಿಳಾಸದ ಸಂಖ್ಯೆ ಹುಡುಕಿಕೊಡುವುದು ಡಿಎನ್‌ಎಸ್.

1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಇದರ ಮೂಲ ವಿನ್ಯಾಸವನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಇದನ್ನು ಅಳವಡಿಸಿಕೊಂಡಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ ಬರೆಯುತ್ತೇವೆ. ಜಾಲಕ್ಕೆ ಈ ಭೇದವಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ 'ಕ' 3 ಬೈಟ್, ಉರ್ದುವಿನ 'ಕಾಫ್' 2 ಬೈಟ್. ಎರಡೂ ಒಂದೇ ತಂತಿಯಲ್ಲಿ ಸಾಗುತ್ತವೆ. ಆದ್ದರಿಂದ ಇಂಗ್ಲಿಷ್ ಬಾರದೆಂದು ಯಾರೂ ಹಿಂಜರಿಯಬೇಡಿ.

ಕೊನೆಯದಾಗಿ ಒಂದು ಮುಖ್ಯ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಪರದೆಯ ಮೇಲಿನದನ್ನು ಓದಬಲ್ಲ ಮೊದಲಿಗರು ನೀವೇ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅಬ್ಬಾ-ಅಮ್ಮಿಯ ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆ ನಿಮ್ಮ ಕೈಯಲ್ಲಿರುತ್ತದೆ. ಅದು ಅಮಾನತ್ತು. ವಿಳಾಸದ ಆರಂಭದಲ್ಲಿ 'ಎಚ್‌ಟಿಟಿಪಿಎಸ್' ಇದ್ದರೆ ದಾರಿಯಲ್ಲಿ ಯಾರೂ ಅದನ್ನು ಓದಲಾರರು ಎಂದರ್ಥ. ಆದರೆ ಆಚೆ ಕುಳಿತವನು ಪ್ರಾಮಾಣಿಕನೆಂದು ಅರ್ಥವಲ್ಲ. ಮೋಸಗಾರನೂ ಅಂಥ ವಿಳಾಸ ಪಡೆಯಬಲ್ಲ. ಲಕೋಟೆ ಭದ್ರವಾಗಿದ್ದ ಮಾತ್ರಕ್ಕೆ ಅದನ್ನು ಪಡೆಯುವವನು ಸಜ್ಜನನಾಗಬೇಕೆಂದಿಲ್ಲ. ಆದ್ದರಿಂದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಸೈಬರ್ ಸೆಂಟರ್‌ನಲ್ಲಿ ಕೆಲಸ ಮುಗಿದೊಡನೆ ಲಾಗ್ ಔಟ್ ಆಗಿ.

ಯಂತ್ರಗಳೇ ಸಲಾಂ ಹೇಳಿ, ಜವಾಬು ಪಡೆದು ಮುಂದುವರಿಯುತ್ತವೆ. ನಾವೂ ಎದುರಿಗಿರುವವರು ಯಾರೆಂದು ತಿಳಿದೇ ಮಾತನಾಡೋಣ.