ರನ್‌ವೇ ಉದ್ದವಾದರೆ ಸಾಕೇ?



ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಆರಂಭವಾದದ್ದು 1951ರಲ್ಲಿ. ಅಲ್ಲಿನ ಹಳೆಯ ರನ್‌ವೇ ಸುಮಾರು 1,615 ಮೀಟರ್. ದೊಡ್ಡ ವಿಮಾನಗಳಿಗೆ ತೂಕವೂ ಹೆಚ್ಚು, ಇಳಿಯುವ ವೇಗವೂ ಹೆಚ್ಚು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆಂದು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಅದಕ್ಕಾಗಿಯೇ 2006ರಲ್ಲಿ ಅದೇ ಗುಡ್ಡದ ಮೇಲೆ 2,450 ಮೀಟರಿನ ಎರಡನೇ ರನ್‌ವೇ ಬಂತು. ಕೊಲ್ಲಿ ದೇಶಗಳಲ್ಲಿ ದುಡಿಯುವವರಿಗೆ ಊರು ಹತ್ತಿರವಾಯಿತು.

ಆದರೆ 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ಅರ್ಧಕ್ಕಿಂತ ಹೆಚ್ಚು ರನ್‌ವೇ ಕಳೆದ ಮೇಲೆ ವಿಮಾನ ನೆಲ ಮುಟ್ಟಿತ್ತು. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಮುಂದುವರಿದರೆಂದು ತನಿಖಾ ವರದಿ ತಿಳಿಸಿತು.

ನಮ್ಮ ನೆರೆಯ ಶಿವಮೊಗ್ಗದಲ್ಲೂ 2023ರಲ್ಲಿ 3,200 ಮೀಟರಿನ ರನ್‌ವೇ ತೆರೆದಿದೆ. ಸಂತೋಷದ ಸಂಗತಿ. ಧರ್ಮಪುರದ ಮಕ್ಕಳೂ ನಾಳೆ ಎಂಜಿನಿಯರ್, ಪೈಲಟ್ ಆಗಲಿ. ತಪ್ಪು ಕಂಡಾಗ ಅಂಜದೆ ಹೇಳಿ. ಕಿರಿಯರ ಮಾತಿಗೆ ಕಿವಿಗೊಡುವುದನ್ನು ಹಿರಿಯರಾದ ನಾವೂ ಕಲಿಯೋಣ.