ಕೆರೆಯಂಗಳ, ಕ್ರೀಡಾಂಗಣ: ಬೆಂಗಳೂರಿನ ಒಂದು ಹಳೆಯ ವ್ಯಾಜ್ಯ

ಬೆಂಗಳೂರಿಗೆ ಹೊಸದೊಂದು ಕ್ರೀಡಾಂಗಣ ಬೇಕೇ, ಬೇಕೆಂದಾದರೆ ಅದು ಎಲ್ಲಿರಬೇಕು, ಯಾರ ಹಣದಲ್ಲಿ ಕಟ್ಟಬೇಕು ಎಂಬ ಚರ್ಚೆ 2025ರ ಜೂನ್ ತಿಂಗಳಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತ ದುರಂತದ ನಂತರ ಬಿರುಸು ಪಡೆಯಿತು. ಆದರೆ ಈ ನಗರದಲ್ಲಿ ಆಟಕ್ಕೂ ನೆಲಕ್ಕೂ ನಡುವೆ ನಡೆದ ವ್ಯಾಜ್ಯ ನೂರು ವರ್ಷಕ್ಕಿಂತ ಹಳೆಯದು. ಈ ಅವಧಿಯುದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಇಲ್ಲಿನ ಬಹುಪಾಲು ಕ್ರೀಡಾಂಗಣಗಳು ಬೆಲೆ ಕೊಟ್ಟು ಕೊಂಡ ನೆಲದ ಮೇಲೆ ಎದ್ದವಲ್ಲ, ಹಿಂದಿನ ಉಪಯೋಗ ಮುಗಿಯಿತೆಂದು ಆಡಳಿತ ಭಾವಿಸಿದ ನೆಲದ ಮೇಲೆ ಎದ್ದವು. ಹೀಗಾಗಿ ಸಾರ್ವಜನಿಕ ಚರ್ಚೆ ಎಂಬುದು ಹೆಚ್ಚಿನ ಸಲ ಕಟ್ಟಡ ನಿಂತ ಮೇಲೆ, ಅಥವಾ ಅನಾಹುತ ನಡೆದ ಮೇಲೆ ಆರಂಭವಾಗಿದೆ.

ಈ ಇತಿಹಾಸದ ಮೊದಲ ಅಧ್ಯಾಯ ಸಂಪಂಗಿ ಕೆರೆಯದು. ನದಿಯಿಲ್ಲದ ಊರಾದ ಬೆಂಗಳೂರಿನಲ್ಲಿ ಕೆರೆಯೆಂದರೆ ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರನ್ನು ತಡೆದ ಕೃತಕ ಜಲಾಶಯ. ಅದು ತುಂಬಿದಾಗ ಹೆಚ್ಚಾದ ನೀರು ಕೋಡಿ ಹರಿದು, ರಾಜಕಾಲುವೆ ಎಂಬ ದೊಡ್ಡ ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ಏರಿಯ ಕೆಳಗೆ ಅದರ ನೀರಿನಿಂದ ಬೆಳೆಯುವ ಭೂಮಿಗೆ ಅಚ್ಚುಕಟ್ಟು ಎಂದು ಹೆಸರು. ಸಂಪಂಗಿ ಕೆರೆಯು ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು, ಅಂದರೆ ಕಂಟೋನ್ಮೆಂಟ್, ಇವೆರಡರ ನಡುವೆ ಹರಡಿಕೊಂಡಿದ್ದರಿಂದ ಎರಡೂ ಕಡೆಯ ಜನ ಅದರ ನೀರನ್ನು ಬಳಸುತ್ತಿದ್ದರು. ತೋಟಗಾರಿಕೆಯನ್ನು ಕುಲಕಸುಬಾಗಿ ಉಳ್ಳ ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು, ಅದರ ನೀರನ್ನು ನಂಬಿ ತರಕಾರಿ, ಹೂವು ಬೆಳೆಯುತ್ತಿದ್ದರು.

1870ರ ದಶಕದ ಭೀಕರ ಬರದ ಅನುಭವದ ಬಳಿಕ ನಗರಕ್ಕೆ ದೂರದಿಂದ ನೀರು ತರುವ ಆಲೋಚನೆ ಬಲಗೊಂಡು, 1890ರ ದಶಕದ ಮಧ್ಯದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯದಿಂದ ಕೊಳವೆಯ ಮೂಲಕ ನೀರು ಬರತೊಡಗಿದಾಗ ಊರೊಳಗಿನ ಕೆರೆಗಳ ಸ್ಥಾನಮಾನವೇ ಬದಲಾಯಿತು. ಕುಡಿಯುವ ನೀರಿಗೆ ಅಗತ್ಯವಿಲ್ಲದ ಕೆರೆ ಆಡಳಿತಗಾರರ ಕಣ್ಣಿಗೆ ಸೊಳ್ಳೆಗಳ ತಾಣವಾಗಿಯೂ, ಬೇಸಿಗೆಯಲ್ಲಿ ಒಣಗಿದಾಗ ಸಮತಟ್ಟಾದ ವಿಶಾಲ ಬಯಲಾಗಿಯೂ ಕಂಡಿತು. ಸಂಪಂಗಿ ಕೆರೆಯ ವಿಷಯದಲ್ಲಿ ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮೊದಲಾದ ಸಂಶೋಧಕರು ಪತ್ರಾಗಾರದ ದಾಖಲೆಗಳನ್ನು ಹುಡುಕಿ ತೋರಿಸಿರುವ ಸಂಘರ್ಷ ಗಮನಾರ್ಹವಾದುದು: ಕುದುರೆಯ ಮೇಲೆ ಕುಳಿತು ಆಡುವ ಪೋಲೋ ಆಟಕ್ಕಾಗಿ ಅಂಗಳ ಒಣಗಿಯೇ ಇರಬೇಕೆಂಬುದು ಆಟಗಾರರ ಬೇಡಿಕೆಯಾಗಿದ್ದರೆ, ಅದೇ ಅಂಗಳದಲ್ಲಿ ನೀರು ನಿಲ್ಲಬೇಕೆಂಬುದು ತೋಟಗಾರರ ಅಹವಾಲಾಗಿತ್ತು. ಒಂದೇ ನೆಲ ಒಬ್ಬರಿಗೆ ಮೈದಾನ, ಇನ್ನೊಬ್ಬರಿಗೆ ಜೀವನಾಧಾರ. ಅಧಿಕಾರದ ತಕ್ಕಡಿ ಯಾವ ಕಡೆ ವಾಲಿತೆಂದು ಬೇರೆ ಹೇಳಬೇಕಾಗಿಲ್ಲ; 1930ರ ದಶಕ ಮುಗಿಯುವ ಹೊತ್ತಿಗೆ ಕೆರೆಯ ಬಹುಭಾಗ ಇಲ್ಲವಾಗಿ, ತಿಗಳರ ಕರಗ ಉತ್ಸವದ ವಿಧಿಗಳಿಗೆ ಬೇಕಾದ ಸಣ್ಣ ಕೊಳವೊಂದು ಮಾತ್ರ ಉಳಿದಿತ್ತು. ಆ ಅಂಗಳದ ಮೇಲೆಯೇ ಇಂದು ಶ್ರೀ ಕಂಠೀರವ ಕ್ರೀಡಾಂಗಣವಿದೆ.

ಸಂಪಂಗಿಯ ಕಥೆ ಒಂಟಿ ಕಥೆಯಲ್ಲ. ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಗಾಲ್ಫ್ ಮೈದಾನ ಬಂದವು. ಇದರ ಹಿಂದಿರುವ ಕಾರಣ ಸರಳ. ಕಂದಾಯ ದಾಖಲೆಗಳಲ್ಲಿ ಕೆರೆಯಂಗಳ ಖರಾಬು ಜಮೀನು, ಅಂದರೆ ಸಾಗುವಳಿಗೆ ಒಳಪಡದ, ಕಂದಾಯ ವಿಧಿಸದ ನೆಲ. ಅದರ ಮೇಲೆ ಸಮುದಾಯದ ಬಳಕೆ ಎಷ್ಟೇ ಹಳೆಯದಾಗಿದ್ದರೂ ಒಡೆತನ ಸರ್ಕಾರದ್ದು. ಖಾಸಗಿ ಹೊಲವನ್ನು ಸ್ವಾಧೀನಪಡಿಸಿಕೊಂಡರೆ ಪರಿಹಾರ ಕೊಡಬೇಕು, ತಕರಾರು ಕೇಳಬೇಕು, ನ್ಯಾಯಾಲಯಕ್ಕೆ ಉತ್ತರಿಸಬೇಕು. ಕೆರೆಯನ್ನು ತೆಗೆದುಕೊಂಡರೆ ಇದ್ಯಾವುದೂ ಬೇಕಾಗಲಿಲ್ಲ. ಕ್ರೀಡೆಗೆ ಬೇಕಾದ ಚಪ್ಪಟೆಯಾದ, ಅಖಂಡವಾದ ಹತ್ತಾರು ಎಕರೆ ನೆಲ ನಗರದ ನಡುವೆ ಪುಕ್ಕಟೆಯಾಗಿ ದೊರೆಯುವ ಬೇರೆ ಜಾಗ ಇರಲೂ ಇಲ್ಲ. ಈ ಕ್ರೀಡಾಂಗಣಗಳಿಂದ ಪ್ರಯೋಜನವಾಗಲಿಲ್ಲವೆಂದು ಹೇಳುವುದು ಅನ್ಯಾಯವಾಗುತ್ತದೆ, ಏಕೆಂದರೆ ಆಸ್ಟಿನ್ ಟೌನ್, ಗೌತಮಪುರದಂತಹ ದುಡಿಯುವ ಜನರ ಬಡಾವಣೆಗಳ ಫುಟ್‌ಬಾಲ್ ಪರಂಪರೆಗೆ ಹತ್ತಿರದಲ್ಲೇ ಒಂದು ದೊಡ್ಡ ಅಂಗಣ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಕೆರೆಗೆ ಬದಲಾಗಿ ಕ್ರೀಡಾಂಗಣ ಎಂಬ ವಿನಿಮಯವನ್ನು ಊರಿನ ಮುಂದಿಟ್ಟು ಒಪ್ಪಿಗೆ ಕೇಳಿದ ಪ್ರಸಂಗ ಮಾತ್ರ ಸಿಗುವುದಿಲ್ಲ.

ಕ್ರಿಕೆಟ್‌ನ ಕಥೆ ಸ್ವಲ್ಪ ಬೇರೆ. 1933ರಲ್ಲಿ ಸ್ಥಾಪನೆಯಾಗಿ ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾದ ಮೈಸೂರು ಕ್ರಿಕೆಟ್ ಸಂಸ್ಥೆಗೆ ದಶಕಗಳ ಕಾಲ ಸ್ವಂತ ಮೈದಾನವಿರಲಿಲ್ಲ. ಮುಖ್ಯ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಮಂಡ್ಯ ಮೂಲದ ವಕೀಲರಾದ ಎಂ. ಚಿನ್ನಸ್ವಾಮಿಯವರು ಮುಂದೆ ನಿಂತು, ಕಬ್ಬನ್ ಪಾರ್ಕಿಗೆ ತಾಗಿಕೊಂಡಿದ್ದ ಸೇನೆಯ ನೆಲದಲ್ಲಿ ಸುಮಾರು 17 ಎಕರೆಯನ್ನು ಗುತ್ತಿಗೆಗೆ ಪಡೆಯುವಲ್ಲಿ ಸಂಸ್ಥೆ ಯಶಸ್ವಿಯಾಗಿ, ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ 1969ರಲ್ಲಿ ಶಂಕುಸ್ಥಾಪನೆಯೂ ಮರುವರ್ಷ ಕಾಮಗಾರಿಯ ಆರಂಭವೂ ಆದವು. ಗುತ್ತಿಗೆಯೆಂದರೆ ಒಡೆತನ ಕೈಬದಲಾಗದೆ ನಿಗದಿತ ಅವಧಿಗೆ ಬಳಕೆಯ ಹಕ್ಕು ಮಾತ್ರ ದೊರೆಯುವ ವ್ಯವಸ್ಥೆ. ಸಾರ್ವಜನಿಕ ನೆಲ, ಖಾಸಗಿ ಸ್ವರೂಪದ ಸಂಸ್ಥೆಯ ಆಡಳಿತ ಎಂಬ ದ್ವಂದ್ವ ಆ ಕ್ರೀಡಾಂಗಣದ ಹುಟ್ಟಿನಲ್ಲೇ ಇತ್ತು. ಆ ಕಾಲದಲ್ಲಿ ಅದು ಯಾರಿಗೂ ಸಮಸ್ಯೆಯಾಗಿ ತೋರಲಿಲ್ಲ. 1974ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಣಜಿ ಸೆಮಿಫೈನಲ್‌ನಲ್ಲಿ ಮುಂಬಯಿಯ ದೀರ್ಘ ಪಾರುಪತ್ಯವನ್ನು ಮುರಿದದ್ದು ಅಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ, ಕಟ್ಟಡದ ಕೆಲಸ ಪೂರ್ತಿಯಾಗುವ ಮೊದಲೇ, ಅಲ್ಲಿ ನಡೆದ ಚೊಚ್ಚಲ ಟೆಸ್ಟ್ ಪಂದ್ಯದಲ್ಲಿ ವೆಸ್ಟ್ ಇಂಡೀಸ್‌ನ ವಿವ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಪದಾರ್ಪಣೆ ಮಾಡಿದರು. ಇಂತಹ ಕೀರ್ತಿ ಬಂದ ಜಾಗದ ಬಾಗಿಲುಗಳು ನೇರವಾಗಿ ಪಾದಚಾರಿ ಮಾರ್ಗಕ್ಕೆ ತೆರೆದುಕೊಳ್ಳುತ್ತವೆ ಎಂಬ ಅಂಶ ಚರ್ಚೆಯ ವಿಷಯವಾಗಲು ಅರ್ಧ ಶತಮಾನ ಬೇಕಾಯಿತು.

ಈ ನಡುವೆ, 1985ರಲ್ಲಿ ಸರ್ಕಾರ ನೇಮಿಸಿದ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯ ಸಮಿತಿ ಬೆಂಗಳೂರಿನ ಉಳಿದ ಕೆರೆಗಳನ್ನು ಒಡೆಯಬಾರದು, ಕೆರೆಗಳಾಗಿಯೇ ಕಾಪಾಡಬೇಕು ಎಂದು ಶಿಫಾರಸು ಮಾಡಿತ್ತು. ಆದರೂ 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರ ವಸತಿಗಾಗಿ ಕಟ್ಟಿದ ಸಂಕೀರ್ಣವನ್ನು ಕೋರಮಂಗಲದ ಕೆರೆಯ ಜಾಗದಲ್ಲಿ ಎದ್ದ ಕಟ್ಟಡಗಳ ಪಟ್ಟಿಯಲ್ಲಿ ಇಂದಿಗೂ ಹೆಸರಿಸಲಾಗುತ್ತದೆ. ಅದೇ ಕೂಟಕ್ಕಾಗಿ ಕಂಠೀರವ ಕ್ರೀಡಾಂಗಣ ಈಗಿನ ರೂಪ ಪಡೆಯಿತು. ಮುಂದಿನ ವರ್ಷಗಳಲ್ಲಿ ಅದರ ಬಳಕೆಯ ಬಗ್ಗೆ ಬೇರೆಯೇ ಬಗೆಯ ವಿವಾದ ಹುಟ್ಟಿತು. ನಡುವೆ ಫುಟ್‌ಬಾಲ್ ಅಂಗಣ, ಸುತ್ತ ಸಿಂಥೆಟಿಕ್ ಓಟದ ಪಥ, ಅಂದರೆ ಕೃತಕ ವಸ್ತುವಿನ ಮೆತ್ತನೆಯ ಹಾಸು ಇರುವ ಪಥ, ಹೀಗೆ ಎರಡು ಕ್ರೀಡೆಗಳಿಗೆ ಒಂದೇ ಜಾಗ. 2014ರಿಂದ ಬೆಂಗಳೂರು ಎಫ್‌ಸಿ ಅಲ್ಲಿ ತನ್ನ ತವರಿನ ಪಂದ್ಯಗಳನ್ನು ಆಡತೊಡಗಿದ ಮೇಲೆ, ಅಭ್ಯಾಸಕ್ಕೆ ಪಥ ಸಿಗುತ್ತಿಲ್ಲವೆಂಬ ಅಥ್ಲೆಟಿಕ್ಸ್ ಆಟಗಾರರ, ತರಬೇತುದಾರರ ದೂರು ಹೈಕೋರ್ಟ್‌ವರೆಗೂ ಹೋಯಿತು. ಎರಡು ಕಡೆಯವರ ವಾದದಲ್ಲೂ ಹುರುಳಿತ್ತು. ನಾಡಿಗೆ ಮುಖ್ಯವಾದ ಒಂದೇ ಪಥವನ್ನು ಎಲ್ಲರೂ ಅವಲಂಬಿಸುವಂತೆ ಮಾಡಿದ ಯೋಜನೆಯೇ ತಪ್ಪಾಗಿತ್ತು. ಇದರ ಜೊತೆಗೆ, 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಸಾಗರದಂತೆ ಬಂದ ಜನರಿಗೂ, 2013 ಮತ್ತು 2023ರಲ್ಲಿ ಸಿದ್ದರಾಮಯ್ಯನವರ ಪ್ರಮಾಣವಚನ ಸಮಾರಂಭಕ್ಕೂ ಅದೇ ಕ್ರೀಡಾಂಗಣ ಒದಗಿತು. ನಗರದ ನಡುವೆ ಜನ ಸೇರಬಲ್ಲ ಬಯಲುಗಳು ಕಡಿಮೆಯಾದಂತೆಲ್ಲ ಕ್ರೀಡಾಂಗಣಗಳು ಆಟಕ್ಕೆ ಸಂಬಂಧವಿಲ್ಲದ ಹೊರೆಯನ್ನೂ ಹೊರಬೇಕಾಯಿತು. ಈ ಮಾತು ಮುಂದಿನ ದುರಂತವನ್ನು ಅರಿಯಲು ಅಗತ್ಯ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ವಿಶ್ವಕಪ್‌ಗಾಗಿ ಹೊನಲು ಬೆಳಕಿನ ದೀಪಸ್ತಂಭಗಳು ಬಂದದ್ದೂ, 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಅಲ್ಲಿ ನಡೆದದ್ದೂ ಜನಸಂದಣಿಯ ಸ್ವರೂಪವನ್ನೇ ಬದಲಿಸಿದವು. ಐದು ದಿನಗಳ ಟೆಸ್ಟ್‌ಗೆ ಜನ ಬೆಳಗಿನಿಂದ ಸಂಜೆಯವರೆಗೆ ಬಿಡಿಬಿಡಿಯಾಗಿ ಬಂದು ಹೋಗುತ್ತಿದ್ದರು. ರಾತ್ರಿ ಮೂರೂವರೆ ಗಂಟೆಗಳ ಕಾಲ ನಡೆಯುವ ಪಂದ್ಯಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ, ಕಚೇರಿಗಳು ಬಿಡುವ ಹೊತ್ತಿಗೆ, ಎಂ.ಜಿ. ರಸ್ತೆಯ ಆಸುಪಾಸಿಗೆ ಒಮ್ಮೆಗೇ ಬಂದು ಒಮ್ಮೆಗೇ ಹೊರಡುತ್ತಾರೆ. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಮೊದಲು ಕ್ರೀಡಾಂಗಣದ ಹೊರಗೋಡೆಯ ಬಳಿ ಬಾಂಬುಗಳು ಸ್ಫೋಟಿಸಿದಾಗ, ಆ ಸಾಲಿನ ಐಪಿಎಲ್ ಸೆಮಿಫೈನಲ್‌ಗಳನ್ನು ನವಿ ಮುಂಬಯಿಗೆ ವರ್ಗಾಯಿಸಲಾಯಿತು. ಗೋಡೆಯ ಹೊರಗಿನ ಸುರಕ್ಷತೆ ಯಾರ ಹೊಣೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು, ಬೇಗನೆ ಮರೆತೂ ಹೋಯಿತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ ಏರ್ಪಟ್ಟ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 35,000 ಮಂದಿ ಹಿಡಿಯುವ ಜಾಗದ ಸುತ್ತ ಎರಡು ಮೂರು ಲಕ್ಷ ಜನ ಸೇರಿದ್ದರೆಂದು ಮುಖ್ಯಮಂತ್ರಿಗಳು ಅಂದೇ ಹೇಳಿದರು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗವು ಜುಲೈನಲ್ಲಿ ವರದಿ ಸಲ್ಲಿಸಿ, ಕ್ರೀಡಾಂಗಣದ ವಿನ್ಯಾಸವೇ ಭಾರೀ ಜನಸಮೂಹದ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ, ಅಂತಹವನ್ನು ತಕ್ಕ ವ್ಯವಸ್ಥೆಯುಳ್ಳ ಬೇರೆ ಸ್ಥಳಕ್ಕೆ ಒಯ್ಯಬೇಕು ಎಂದಿತು. ಸಾರ್ವಜನಿಕ ರಸ್ತೆಯಿಂದ ಪ್ರತ್ಯೇಕವಾದ ಸರತಿಯ ಜಾಗ, ಒಳಬರಲು ಹೊರಹೋಗಲು ಸಾಕಷ್ಟು ದ್ವಾರಗಳು, ಸಾರಿಗೆಯ ಸಂಪರ್ಕ, ತುರ್ತು ತೆರವಿನ ಯೋಜನೆ, ಇವು ಅದು ಹೇಳಿದ ಅಗತ್ಯಗಳು. ಆ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ಬೆಂಗಳೂರಿಗಿದ್ದ ಆತಿಥ್ಯವೂ ನವಿ ಮುಂಬಯಿಯ ಪಾಲಾಯಿತು.

ಆಗಸ್ಟ್ ತಿಂಗಳಲ್ಲಿ ರಾಜ್ಯ ಸರ್ಕಾರ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದ ಬಳಿಯ ಸೂರ್ಯ ಸಿಟಿಯಲ್ಲಿ, ಕರ್ನಾಟಕ ಗೃಹ ಮಂಡಳಿಯ ಮೂಲಕ, 80,000 ಆಸನಗಳ ಕ್ರೀಡಾಂಗಣವನ್ನೊಳಗೊಂಡ ಸಂಕೀರ್ಣ ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಅಂದಾಜು ವೆಚ್ಚ ಸುಮಾರು 1,650 ಕೋಟಿ ರೂಪಾಯಿ. 1,32,000 ಆಸನಗಳ ಅಹಮದಾಬಾದಿನ ಕ್ರೀಡಾಂಗಣದ ನಂತರ ದೇಶದಲ್ಲಿ ಎರಡನೆಯ ಸ್ಥಾನ ಎಂಬ ಹೆಮ್ಮೆಯ ಮಾತೂ ಅದರೊಡನೆ ಬಂತು. ಯೋಜನೆಯ ಪರವಾದ ವಾದ ದುರ್ಬಲವಲ್ಲ. ನಗರದ ನಡುವೆ ದ್ವಾರಗಳ ಮುಂದೆ ಹತ್ತು ಗಜ ಜಾಗವನ್ನೂ ಹೊಸದಾಗಿ ಸೃಷ್ಟಿಸಲು ಸಾಧ್ಯವಿಲ್ಲ, ಹೊರವಲಯದಲ್ಲಿ ಮೊದಲಿನಿಂದಲೇ ಸರಿಯಾಗಿ ರೂಪಿಸಬಹುದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗವೂ ಅದೇ ಆಗಸ್ಟ್‌ನಲ್ಲಿ ತೆರೆದಿತ್ತು. ಎದುರುವಾದವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕೈಗಾರಿಕೆಗಳಿಂದಲೂ ಎಲೆಕ್ಟ್ರಾನಿಕ್ ಸಿಟಿಯಿಂದಲೂ ಈಗಾಗಲೇ ತುಂಬಿ ತುಳುಕುವ ಹೊಸೂರು ರಸ್ತೆಗೆ ಇನ್ನಷ್ಟು ಹೊರೆ ಏಕೆ ಎಂಬುದು ಒಂದಾದರೆ, ಇಷ್ಟು ಹಣದಲ್ಲಿ ಜಿಲ್ಲಾ ಕೇಂದ್ರಗಳಿಗೂ ಬಡಾವಣೆಗಳಿಗೂ ಎಷ್ಟು ಓಟದ ಪಥ, ಹಾಕಿ ಅಂಗಣಗಳನ್ನು ಒದಗಿಸಬಹುದಿತ್ತು ಎಂಬುದು ಇನ್ನೊಂದು. ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ತವರಿನಲ್ಲಿ ದೊರೆಯುವುದು ಏಳು ಪಂದ್ಯ; ಅಂತರರಾಷ್ಟ್ರೀಯ ಪಂದ್ಯಗಳನ್ನು ಸೇರಿಸಿದರೂ ವರ್ಷದ ಬಹುಪಾಲು ದಿನ ಆ 80,000 ಆಸನಗಳು ಖಾಲಿ ಇರುತ್ತವೆ. ಸಂಕೀರ್ಣದಲ್ಲಿ ಹೋಟೆಲ್, ಸಭಾಂಗಣಗಳನ್ನು ಸೇರಿಸಿರುವುದರ ಹಿಂದೆ ಈ ಲೆಕ್ಕಾಚಾರವೇ ಇದ್ದಂತಿದೆ.

ಈ ವಾದ ಪ್ರತಿವಾದಗಳ ಗದ್ದಲದಲ್ಲಿ ಸಾಕಷ್ಟು ಕೇಳಿಸದೆ ಹೋದ ಅಂಶವೊಂದಿದೆ. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವೇ ಇರಲಿಲ್ಲ. ಬಂದವರು ಟಿಕೆಟ್ ಕೊಂಡ ಪ್ರೇಕ್ಷಕರಲ್ಲ, ಸಂಭ್ರಮವನ್ನು ಕಣ್ತುಂಬಿಕೊಳ್ಳಲು ನೆರೆದ ನಾಗರಿಕರು. ಪ್ರವೇಶ ಯಾರಿಗೆ, ಯಾವ ದ್ವಾರದಿಂದ, ಎಷ್ಟು ಹೊತ್ತಿಗೆ ಎಂಬುದು ಸ್ಪಷ್ಟವಾಗದೆ ಅವರು ಬಾಗಿಲುಗಳ ಮುಂದೆ ಒತ್ತೊತ್ತಾಗಿ ನಿಂತರು. ಮುಖ್ಯಮಂತ್ರಿಗಳು ಹೇಳಿದ ಎರಡು ಮೂರು ಲಕ್ಷ ಎಂಬ ಸಂಖ್ಯೆಯನ್ನು ಒಪ್ಪಿದರೆ, 80,000 ಆಸನಗಳ ಕ್ರೀಡಾಂಗಣವಿದ್ದಿದ್ದರೂ ಒಂದು ಲಕ್ಷಕ್ಕೂ ಮಿಕ್ಕ ಜನ ಅಂದು ಬಾಗಿಲಾಚೆಯೇ ಉಳಿಯುತ್ತಿದ್ದರು. ಆಯೋಗದ ಶಿಫಾರಸುಗಳ ಒತ್ತು ಇದ್ದದ್ದು ಸರತಿಯ ಜಾಗ, ದ್ವಾರ, ತೆರವು, ಸಾರಿಗೆಗಳ ಮೇಲೆ. ಸಾರ್ವಜನಿಕ ಚರ್ಚೆ ಅಂಟಿಕೊಂಡದ್ದು ಆಸನಗಳ ಸಂಖ್ಯೆಗೆ. ಸೂರ್ಯ ಸಿಟಿಯ ನಕ್ಷೆಯನ್ನು ಪರಿಶೀಲಿಸುವವರು ಮೊದಲು ನೋಡಬೇಕಾದದ್ದು ಗ್ಯಾಲರಿಯ ಎತ್ತರವನ್ನಲ್ಲ, ರಾತ್ರಿ ಹನ್ನೊಂದರ ನಂತರ 80,000 ಮಂದಿ ಯಾವ ದ್ವಾರಗಳಿಂದ ಹೊರಬಿದ್ದು, ಬೊಮ್ಮಸಂದ್ರದ ಮೆಟ್ರೋ ನಿಲ್ದಾಣವನ್ನು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂಬುದನ್ನು.